ಜೀಪು ನಿಂತ ಮನೆ

ರೋಗದ ಜೀಪು ಯಾರ ಮನೆ ಮುಂದೆ ನಿಂತರೆ ರೋಗ ಅವರದೇ. ಗಂಗಾವತಿಯ ಆ ಓಣಿಯಲ್ಲಿ ಇದಕ್ಕೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಹಿಂದೊಮ್ಮೆ ಕುಷ್ಠರೋಗದ ಜೀಪು ಬರೀ ದಾರಿ ಕೇಳಲು ಮುದುಕಮ್ಮ ಎಂಬಾಕೆಯ ಬಾಗಿಲಲ್ಲಿ ನಿಂತದ್ದಕ್ಕೆ ಅವಳ ಕೈಯ ನೀರನ್ನು ಸಾಯುವ ತನಕ ಯಾರೂ ಕುಡಿಯಲಿಲ್ಲ. ಅಂಥ ಓಣಿಗೆ ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಬೆಂಗಳೂರಿನ ಸಂಶೋಧಕ ಸಾಹೇಬರು ಬಂದರು. ಜೀಪಿನ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ‘ಏಡ್ಸ್ ಸಂಶೋಧನೆ’ ಎಂದಿತ್ತು. ಓಣಿಯಲ್ಲಿ ನೆರಳಿದ್ದದ್ದು ದೇವದಾಸಿ ಹುಲಿಗವ್ವನ ಬಾಗಿಲ ಬೇವಿನ ಮರದ ಕೆಳಗೆ ಮಾತ್ರ. ಡ್ರೈವರ್ ಜೀಪನ್ನು ಅಲ್ಲೇ ನಿಲ್ಲಿಸಿದ.

“ನಿಮ್ಮ ಹೆಸರು ಯಾರಿಗೂ ಹೇಳಲ್ಲಮ್ಮ, ಎಲ್ಲಾ ಗುಟ್ಟು,” ಎಂದು ಸಾಹೇಬರು ಒಳಗೆ ಕೂತು ಹುಲಿಗವ್ವನಿಗೆ ಪಿಸುಗುಟ್ಟಿದರು. ಕಿಟಕಿಯಲ್ಲಿ ಅರ್ಧ ಓಣಿ ನಿಂತು ಕೇಳುತ್ತಿತ್ತು.

ಈ ಕಸುಬಿಗೆ ಹೇಗೆ ಬಂದಿರಿ, ಹುಲಿಗೆಮ್ಮ ದೇವಿಗೆ ಏನು ಹರಕೆ, ಅಮಾವಾಸ್ಯೆಗೆ ಏನು ಅಡುಗೆ, ಎಲ್ಲ ಕೇಳಿದರು.

“ಸಾಹೇಬ್ರ, ಈ ರೋಗ ತಡಿಯೋದು ಹೆಂಗ್ರಿ?” ಎಂದಳು ಹುಲಿಗವ್ವ.

“ಅದು ಮುಂದಿನ ಹಂತ. ಈಗ ನಿಮ್ಮ ಸಂಸ್ಕೃತಿಯ ಅಧ್ಯಯನ.”

ಅಯ್ಯ ಶಿವನೇ, ಮನೆಗೆ ಬೆಂಕಿ ಬಿದ್ದಾಗ ಸಾರು ಯಾವುದು ಎಂದು ಕೇಳುವ ಮಂದಿ!

ಮರುದಿನವೇ ಅಕ್ಕಿ ಗಿರಣಿಯ ವಿರುಪಣ್ಣ ಬಂದ. ಮನೆ ಅವನದು. ಬಾಡಿಗೆಗೆ ಬಂದರೂ ಅವಳ ಹಾಸಿಗೆಗೆ ಬಂದರೂ ಹಿತ್ತಲ ಬಾಗಿಲಿನಿಂದಲೇ ಬರುವ ಗೃಹಸ್ಥ.

“ಸೋಮವಾರದೊಳಗ ಮನಿ ಖಾಲಿ ಮಾಡು. ನನಗೂ ಊರಾಗ ಮರ್ಯಾದಿ ಐತಿ.”

“ಜೀಪ್ ನಿಂತ ಮನಿಯಾಕಿಗೆ ಯಾರ್ ಮನಿ ಬಾಡಿಗಿಗೆ ಕೊಡ್ತಾರ್ರಿ ಸಾವ್ಕಾರ್ರ? ಹಾಸಿಗಿ ಹಿಡಿದ ಅವ್ವನ್ನ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?”

“ಅದು ನಿನ್ನ ಪಾಡು,” ಎಂದು ಅವನು ಹಿತ್ತಲಿಗಿಳಿದ.

ಹುಲಿಗವ್ವನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಇವನ ಮರ್ಯಾದೆ ಕಾಯ್ದವಳು ಅವಳೇ ಅಲ್ಲವೇ! ಸಾಹೇಬರು ಮತ್ತೆ ಬಂದಾಗ ಚಹಾ ಕೊಟ್ಟು ನಯವಾಗಿ ಹೇಳಿದಳು: “ಬರೇ ಹೆಂಗಸ್ರನ್ನ ಕೇಳಿದ್ರ ಹೆಂಗ್ರಿ? ಬರೋ ಗಂಡಸ್ರನ್ನೂ ಕೇಳ್ರಿ. ಗಿರಣಿ ವಿರುಪಣ್ಣ ಸಾವ್ಕಾರ್ರಿಗೆ ಭಾಳ ಅನುಭವ ಐತಿ.”

ಸಾಹೇಬರ ಮುಖ ಅರಳಿತು. ಗಂಡಸರನ್ನು ಕೇಳುವ ವಿಚಾರ ಅವರಿಗಾಗಲೀ ಅವರ ಮೇಲಿನವರಿಗಾಗಲೀ ಹೊಳೆದಿರಲೇ ಇಲ್ಲ.

ಜೀಪು ಹೋಗಿ ಗಿರಣಿಯ ಮುಂದೆ ನಿಂತಿತು. ವಿರುಪಣ್ಣ ಹೋಗ್ರಿ ಎಂದಷ್ಟೂ ಸಾಹೇಬರು “ಹುಲಿಗವ್ವನೇ ನಿಮ್ಮ ಹೆಸರು ಹೇಳಿದ್ದು, ಸಂಕೋಚ ಸಹಜ” ಎನ್ನುತ್ತ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಶ್ರೀರಾಮನಗರದಿಂದ ಭತ್ತ ಹೇರಿಕೊಂಡು ಬಂದ ಗಾಡಿಗಳು ಜೀಪಿನ ಅಕ್ಷರ ಓದಿ ಬೇರೆ ಗಿರಣಿಯ ದಾರಿ ಹಿಡಿದವು.

ಮಧ್ಯಾಹ್ನಕ್ಕೆ ವಿರುಪಣ್ಣ ಓಡೋಡಿ ಬಂದ. ಗಡಿಬಿಡಿಯಲ್ಲಿ ಮುಂದಿನ ಬಾಗಿಲಿನಿಂದಲೇ ನುಗ್ಗಿದ. ಹಿಂದೆಯೇ ಓಣಿಯೆಲ್ಲ ಬಂದು ಬೇವಿನ ಮರದ ಕೆಳಗೆ ಸೇರಿತು.

“ಹುಲಿಗವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಆ ಜೀಪ್ ತಗಸು!”

“ಮತ್ತ ಮನಿ?”

“ನೀನ ಇರವ್ವ! ಬ್ಯಾಡ ಅಂದೋರ್ ಯಾರು?”

“ಜರಾ ಜೋರ್ ಹೇಳ್ರಿ. ಮಂದಿಗೂ ಕೇಳ್ಲಿ.”

ಅವನು ಜೋರಾಗಿಯೇ ಹೇಳಿದ. ಆಮೇಲೆ ಬೆವರು ಒರೆಸಿಕೊಳ್ಳುತ್ತ ಹಿತ್ತಲ ಕಡೆ ಸರಿದ. ಬಾಗಿಲಿಗೆ ಬೀಗ ಬಿದ್ದಿತ್ತು.

“ಆ ಬಾಗ್ಲಾ ಇವತ್ತಿಂದ ಬಂದ್ ಮಾಡೇನ್ರಿ ಸಾವ್ಕಾರ್ರ,” ಎಂದಳು ಹುಲಿಗವ್ವ. “ಮುಂದಿಂದನ ಹೋಗ್ರಿ.”