ಪಡುಗಡೆಯ ಕಿಟಕಿ

ನನ್ನ ಗಂಡನ ಅಕ್ಕ ಕೊಟ್ರಬಸಮ್ಮ ಕುರುಗೋಡಿನಿಂದ ನಮ್ಮ ಮನೆಗೆ ಬಂದಿಳಿದಾಗ ಅವಳ ಚೀಲದಲ್ಲಿ ಇನ್ಸುಲಿನ್ ಶೀಸೆ ಇತ್ತು. ಅದನ್ನು ಕಂಡು ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಹಬ್ಬ ಬಂದಷ್ಟು ಸಂತೋಷವಾಯಿತು.

ಅವಳ ಕಾಲಿನ ಗಾಯ ಮಾಯುತ್ತಿರಲಿಲ್ಲ. ಬಳ್ಳಾರಿಯ ಡಾಕ್ಟರು ಸಕ್ಕರೆ ನೋಡಿ, ಇನ್ನು ಮಾತ್ರೆ ಸಾಲದು, ಊಟಕ್ಕೆ ಮುಂಚೆ ಸೂಜಿ ಬೇಕೇ ಬೇಕು ಎಂದಿದ್ದರು. ಗಾಯ ಒಣಗುವ ತನಕ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲೇ ಇರಲಿ ಎಂದು ನನ್ನ ಗಂಡ ಗವಿಸಿದ್ದೇಶ್ ಕರೆತಂದ.

"ಫ್ರಿಜ್ಜಿನ್ಯಾಗ ಇಡಬೇಕಂತವ್ವಾ," ಎಂದು ಶೀಸೆಯನ್ನು ನನ್ನ ಕೈಗೆ ಕೊಟ್ಟಳು.

"ಇಡ್ತೀನಿ ಬಿಡ್ರಿ ಅಕ್ಕಾರ," ಎಂದೆ.

ಫ್ರಿಜ್ಜಿನಲ್ಲಿಡಬೇಕು ಎಂಬ ಇದೇ ಮಾತನ್ನು ಕರೋನಾದ ಎರಡನೇ ಅಲೆಯಲ್ಲಿ ನಾನು ಅವಳಿಗೆ ಹೇಳಿದ್ದೆ. ಆಗ ನಮ್ಮ ಗಂಗೋತ್ರಿ ಎರಡನೇ ಕ್ಲಾಸು. ಸಾಲೆಗೆ ಸೇರುವ ಮೊದಲೇ ಸಕ್ಕರೆ ಕಾಯಿಲೆ ಅಂಟಿಸಿಕೊಂಡ ಕೂಸು. ಸೂಜಿಯಿಲ್ಲದೆ ಅವಳಿಗೆ ಬದುಕಿಲ್ಲ. ನಾನೂ ಗಂಡನೂ ಒಟ್ಟಿಗೆ ಆಸ್ಪತ್ರೆ ಸೇರಿದೆವು. ಸಿರುಗುಪ್ಪದ ನನ್ನ ತವರಿನಲ್ಲೂ ಎಲ್ಲರೂ ಜ್ವರ ಬಂದು ಮಲಗಿದ್ದರು. ಉಳಿದವಳು ಮಗುವಿನ ಅತ್ತಿ, ಈ ಕುರುಗೋಡಿನ ಕೊಟ್ರಬಸಮ್ಮನೊಬ್ಬಳೇ. ಶೀಸೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮಗುವಿನ ಜೊತೆ ಕಳಿಸಿ, ಫ್ರಿಜ್ಜಿನಲ್ಲೇ ಇಡಿ ಎಂದು ಫೋನಿನಲ್ಲಿ ಬೇಡಿಕೊಂಡೆ. ಹೂಂ ಎಂದಳು.

ಅವಳು ಇಷ್ಟಲಿಂಗ ಪೂಜೆ ಮುಗಿಸದೆ ತುತ್ತು ಮುಟ್ಟದವಳು. ಪೂಜೆಯ ಹಾಲು ಅದೇ ಫ್ರಿಜ್ಜಿನಲ್ಲಿರುತ್ತಿತ್ತು. ಈ ಔಷಧವನ್ನು ಹಂದಿಯಿಂದ ತೆಗೆಯುತ್ತಾರೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. "ಹಂದಿ ಔಷಧ ಹೊರಗಿರ್ಲಿ," ಎಂದು ಡಬ್ಬಿಯನ್ನು ಪಡುಗಡೆಯ ಕಿಟಕಿಯಲ್ಲಿಟ್ಟದ್ದನ್ನು ಗಂಗೋತ್ರಿ ಕಣ್ಣಾರೆ ಕಂಡಿದ್ದಳು. ದೊಡ್ಡವರು ಮಾಡಿದ್ದು ಸರಿಯಿರಬೇಕು ಎಂದುಕೊಂಡಿತು ಮಗು. ಕುರುಗೋಡಿನ ಮೇ ತಿಂಗಳ ಬಿಸಿಲಿಗೆ ಔಷಧ ಕೆಟ್ಟು ನೀರಿಗೆ ಸಮನಾಯಿತು. ಮಗು ಅದನ್ನೇ ದಿನಾ ಚುಚ್ಚಿಕೊಂಡಿತು. ಮೇಲೆ ಕರೋನಾ ಜ್ವರವೂ ಹತ್ತಿತು. ನೀರಡಿಕೆ ಎಂದರೆ ಅತ್ತಿ ಬೆಲ್ಲ ಹಾಕಿದ ಕಷಾಯ ಕುಡಿಸಿದಳು. ಏದುಸಿರು ಬಂದಾಗ ಹಿಂದಿನ ಕೋಣೆಗೆ ಹಾಕಿ ಚಿಲಕ ಜಡಿದಳು. ಪಕ್ಕದ ಮನೆಯ ಎರ್ರಣ್ಣ ಮಗು ನರಳುವುದನ್ನು ಕೇಳಿ ತನ್ನ ಆಟೋದಲ್ಲಿ ಬಳ್ಳಾರಿಗೆ ಹೊತ್ತು ತರದಿದ್ದರೆ ನನ್ನ ಮಗಳು ಇಂದು ಗೋಡೆಯ ಮೇಲೆ ಫೋಟೋ ಆಗಿರುತ್ತಿದ್ದಳು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಮಗು ಉಳಿದ ಮೇಲೆ ಅವಳು ಬಂಧುಬಳಗದಲ್ಲೆಲ್ಲ ತಾನೇ ಜೋಪಾನ ಮಾಡಿ ಉಳಿಸಿದೆ ಎಂದು ಹೇಳಿಕೊಂಡು ತಿರುಗಿದಳು. ಕಿಟಕಿಯ ಮಾತೆತ್ತಿದರೆ, "ಹುಡುಗಿಗೆ ಜ್ವರದಾಗ ಏನೇನೋ ಕಂಡೈತಿ," ಎಂದಳು. ನನ್ನ ಗಂಡ ಅಕ್ಕನನ್ನೇ ನಂಬಿದ. ಅಂದಿನಿಂದ ನನ್ನ ಹೊಟ್ಟೆಯ ಉರಿ ಆರಿಲ್ಲ.

ನಮ್ಮ ಮನೆಗೂ ಪಡುಗಡೆಗೊಂದು ಕಿಟಕಿಯಿದೆ. ಆ ಮಧ್ಯಾಹ್ನ ಅತ್ತಿ ಊಟ ಮಾಡಿ ಮಲಗಿದ ಮೇಲೆ ಅವಳ ಶೀಸೆಯನ್ನು ಫ್ರಿಜ್ಜಿನಿಂದ ತೆಗೆದು ಅಲ್ಲಿಟ್ಟೆ. ಬಿಸಿಲು ಆ ಕಡೆ ತಿರುಗುವುದನ್ನೇ ಕಾಯುತ್ತ ಕೂತೆ.

ಅಂದು ಶನಿವಾರ. ಸಾಲೆಯಿಂದ ಬೇಗ ಬಂದ ಗಂಗೋತ್ರಿ ಶೀಸೆಯನ್ನು ನೋಡಿದಳು, ನನ್ನನ್ನು ನೋಡಿದಳು. ಶೀಸೆ ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ಇನ್ನಾ ತಣ್ಣಗ ಐತಿ," ಎಂದಳು.

"ಇಡ ಅಲ್ಲೇ. ಆಕಿಗೂ ಗೊತ್ತಾಗ್ಲಿ."

"ಬ್ಯಾಡವ್ವಾ. ಆಕಿ ಸತ್ರ ನಿಜ ಹೇಳೋರು ಯಾರು?"

ಶೀಸೆಯನ್ನು ಫ್ರಿಜ್ಜಿನಲ್ಲಿ ತನ್ನ ಶೀಸೆಯ ಪಕ್ಕದಲ್ಲೇ ಇಟ್ಟು, ಕೈಕಾಲು ತೊಳೆಯಲು ಹೋದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನಗಿಂತ ಗಟ್ಟಿ ಎಂದು ಆಗ ತಿಳಿಯಿತು.

ಸಂಜೆ ಹಲಕುಂದಿ ಮಠಕ್ಕೆ ಹೋಗಿದ್ದ ನಮ್ಮ ಚಿಕ್ಕತ್ತೆ ವೀರಭದ್ರಮ್ಮ ಮತ್ತು ಅವರ ಮನೆಯವರು ರೋಗಿಯನ್ನು ನೋಡಿ ಹೋಗಲು ಬಂದರು. ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಕೊಟ್ರಬಸಮ್ಮ ಪೂಜೆ ಮುಗಿಸಿ ತಾಟಿನ ಮುಂದೆ ಕೂತು, ಗಂಗೋತ್ರಿಯ ತಲೆ ಸವರಿ ಶುರು ಹಚ್ಚಿಕೊಂಡಳು.

"ಈ ಕೂಸನ್ನ ಸಾವಿನ ಬಾಯಾಗಿಂದ ತಗದೀನಿ ನಾನು."

ಗಂಗೋತ್ರಿ ನಕ್ಕಳು. ಔಷಧ ಸಿರಿಂಜಿಗೆ ಎಳೆದು ಅತ್ತಿಯ ತೋಳಿಗೆ ನೋವಾಗದಂತೆ ಚುಚ್ಚಿದಳು. ಆಮೇಲೆ ಅವಳ ತಾಟನ್ನು ತನ್ನ ಕಡೆ ಎಳೆದುಕೊಂಡಳು.

"ಸೂಜಿ ಆತು. ಇನ್ನ ಲಗೂನ ಉಣ್ಣಬೇಕು ಅತ್ತಿ. ಉಣ್ಣದಿದ್ರ ಸಕ್ಕರಿ ಇಳಿದು ತಲಿ ತಿರುಗತೈತಿ. ಹೇಳಿ ಉಣ್ಣು. ನನ್ನ ಔಷಧ ಎಲ್ಲಿ ಇಟ್ಟಿದ್ದಿ?"

ಗವಿಸಿದ್ದೇಶ್ ಎದ್ದು ನಿಂತ. "ಕುಂದ್ರಪ್ಪಾ," ಎಂದಳು ಮಗಳು. ಅವನು ಕೂತ. ನಾನು ತಾಟನ್ನು ಬಿಡಿಸಲು ಹೋಗಲಿಲ್ಲ. ಹೋಗುವ ಮನಸ್ಸೂ ಇರಲಿಲ್ಲ.

ಕೊಟ್ರಬಸಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹಣೆಯಲ್ಲಿ ವಿಭೂತಿಯ ಕೆಳಗೆ ಬೆವರೊಡೆದಿತ್ತು.

"ಕಿಟಕ್ಯಾಗ," ಎಂದಳು.

"ಯಾಕ?"

"ಹಂದಿದು ಅಂತ."

"ನಾ ಒದ್ದಾಡಿದಾಗ?"

"ಚಿಲಕ ಹಾಕಿದ್ನಿ."

ಗಂಗೋತ್ರಿ ತಾಟನ್ನು ಅವಳ ಮುಂದೆ ಸರಿಸಿದಳು. "ಅದು ಹಂದಿದಲ್ಲ ಅತ್ತಿ. ಆವತ್ತೂ ಅಲ್ಲ, ಈಗ ನಿನ್ನ ಮೈಯಾಗ ಹೋಗಿದ್ದೂ ಅಲ್ಲ. ಉಣ್ಣು." ನಾನು ಅತ್ತಿಯ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದೆ. ಗವಿಸಿದ್ದೇಶ್ ತಲೆ ಎತ್ತಲಿಲ್ಲ, ಅಂದು ಊಟವನ್ನೂ ಮಾಡಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಮನೆಯಲ್ಲಿ ನಾವಷ್ಟೇ ಇದ್ದೆವು. ಗಂಗೋತ್ರಿ ಸಿರಿಂಜ್ ಹಿಡಿದು ಬರುವುದನ್ನು ಕಂಡಕೂಡಲೇ ಕೊಟ್ರಬಸಮ್ಮ, "ಕಿಟಕ್ಯಾಗ ಇಟ್ಟಿದ್ನಿ ನನ್ನವ್ವಾ, ಕಿಟಕ್ಯಾಗ," ಎಂದು ತಾನಾಗಿಯೇ ಹೇಳಿ ತೋಳು ಚಾಚಿದಳು.

"ನಾ ಇನ್ನಾ ಕೇಳಿಲ್ಲಲ್ಲ ಅತ್ತಿ," ಎಂದಳು ನನ್ನ ಮಗಳು. ಸೂಜಿ ಚುಚ್ಚಿದಳು, ತಾಟನ್ನು ತನ್ನ ಕಡೆ ಎಳೆದುಕೊಂಡಳು, ಆಮೇಲೆ ಕೇಳಿದಳು.