ಒಂದೇ ಹಲ್ಲಿನ ಗುರುತು

ನನ್ನ ಹಳೆಯ ಕ್ಲಾರಿನೆಟ್ಟಿನಲ್ಲಿ ಬಾಯಿಗಿಟ್ಟು ಊದುವ ಬಾಯ್ತುದಿಯ ಮೇಲೆ ಎರಡು ಸಣ್ಣ ಗುಳಿಗಳಿದ್ದವು. ನುಡಿಸುವಾಗ ಮೇಲಿನ ಮುಂಹಲ್ಲುಗಳೆರಡೂ ಊರಿ ಊರಿ ಸವೆದು ಆದವು. ಯಾರಾದರೂ ಕೇಳಿದರೆ, "ಅದು ನನ್ನ ಸಹಿ ಕಣಯ್ಯಾ" ಎಂದು ಜಂಬ ಕೊಚ್ಚುತ್ತಿದ್ದೆ.

ಒಂದು ಮದುವೆ ಮೆರವಣಿಗೆಯಲ್ಲಿ ನನ್ನ ಮುಂದಿದ್ದ ಡ್ರಮ್ಮಿನವನು ಗಕ್ಕನೆ ನಿಂತ. ಕ್ಲಾರಿನೆಟ್ ಅವನ ಬೆನ್ನಿಗೆ ಬಡಿದು ನನ್ನ ಬಲಗಡೆಯ ಮುಂಹಲ್ಲು ಬುಡಸಮೇತ ಕಿತ್ತುಬಂತು. ಆಮೇಲೆ ಊದಿದರೆ ಬರೀ ಗಾಳಿ ಸೋರುತ್ತಿತ್ತು. ಬ್ಯಾಂಡಿನ ಲಾಜರ್ ಮಾಸ್ತರು ತಲೆ ತಗ್ಗಿಸಿಕೊಂಡೇ ಹೇಳಿದರು: "ಹೀಗೇ ಆದ್ರೆ ಬೇರೆಯವ್ರನ್ನ ನೋಡ್ಲೇಬೇಕಾಗತ್ತಪ್ಪಾ." ಊದುವುದು ಬಿಟ್ಟು ಬೇರೇನೂ ಬಾರದ ನಾನು ನೇರ ಹಲ್ಲಿನ ಕ್ಲಿನಿಕ್ಕಿಗೆ ಓಡಿದೆ.

ದಂತವೈದ್ಯೆ ವಾರಿಜಾ ಎಕ್ಸ್‌ರೇ ನೋಡಿ ಹುಬ್ಬು ಗಂಟಿಕ್ಕಿದರು. "ದವಡೆ ಮೂಳೆಗೆ ತಿರುಪು ಕೂರಿಸಿ, ಅದ್ರ ಮೇಲೆ ಹೊಸ ಹಲ್ಲು ಕಟ್ಬೋದು. ಆದ್ರೆ ನಿಮ್ಮ ಮೂಳೆ ಮೆದು. ನಾಳೆ ನಿಮ್ಮ ವಾದ್ಯ ತನ್ನಿ."

"ಯಾಕೆ, ಅದಕ್ಕೂ ಹಲ್ಲುನೋವಾ?" ಎಂದು ಸಿಡುಕಿದೆ.

ಮರುದಿನ ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕ್ಲಾರಿನೆಟ್ ಹಿಡಿಸಿ, ಹೆಬ್ಬೆರಳು ಅದನ್ನು ಎಷ್ಟು ಮೇಲಕ್ಕೆ ಒತ್ತುತ್ತದೆ, ಹಲ್ಲಿನ ಮೇಲೆ ಭಾರ ಹೇಗೆ ಬೀಳುತ್ತದೆ ಎಂದು ಬಗ್ಗಿ ಬಗ್ಗಿ ನೋಡಿದರು. "ನೆಟ್ಟಗೆ ಬಿದ್ದ ಭಾರವನ್ನ ಮೂಳೆ ತಡ್ಕೊಳ್ಳತ್ತೆ. ನಿಮ್ಮದು ಓರೆಯಾಗಿ ಬೀಳತ್ತೆ, ಅದೇ ತೊಂದ್ರೆ" ಎಂದರು. ಮೆದು ಮೂಳೆಯಲ್ಲೂ ಹಿಡಿತ ಸಿಗಲೆಂದು ಆಳವಾದ ಸುತ್ತುಗಳಿದ್ದ, ಉದ್ದನೆಯ ತಿರುಪನ್ನೇ ಆರಿಸಿ ಕೂರಿಸಿದರು. ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವವರೆಗೆ ನಾನು ಊದಕೂಡದು. ನಾನು ಕೇಳದಿದ್ದರೂ ಮಾಸ್ತರಿಗೆ ಫೋನ್ ಮಾಡಿ, "ಅವ್ರ ಜಾಗ ಹಾಗೇ ಇರ್ಲಿ, ದಯವಿಟ್ಟು" ಎಂದು ಕೇಳಿಕೊಂಡವರೂ ಅವರೇ.

ಕೊನೆಗೆ ತಿರುಪಿನ ಮೇಲೆ ಹಲ್ಲು ಬಂತು. ನಾಲಿಗೆಯಿಂದ ಸವರಿ ನೋಡಿದರೆ ಪಕ್ಕದ ಹಲ್ಲಿಗಿಂತ ಕೂದಲೆಳೆಯಷ್ಟು ಗಿಡ್ಡ! ಅಯ್ಯೋ, ಅಳತೆ ತಪ್ಪಿದರಲ್ಲಾ ಎನಿಸಿತು. ಆದರೆ ಅಷ್ಟು ಮಾಡಿದವರಿಗೆ ಹೇಗೆ ಹೇಳುವುದು? ಊದಿದೆ. ಸ್ವರ ತುಂಬಿಕೊಂಡು ನಿಂತಿತು. ಕಣ್ಣೀರು ತಡೆಯಲಾಗಲಿಲ್ಲ. ಮದುವೆಗಳ ಕಾಲ ಬಂದಾಗ ಮೆರವಣಿಗೆಯ ಮೊದಲ ಸಾಲಿನಲ್ಲಿ ನಾನಿದ್ದೆ.

ವರ್ಷಗಳಾದ ಮೇಲೆ ಹಳೆಯ ಬಾಯ್ತುದಿ ಸೀಳಿತು, ಹೊಸದು ಹಾಕಿಸಿದೆ. ಅದರ ಮೇಲೆ ಕ್ರಮೇಣ ಗುಳಿ ಬಿತ್ತು, ಎಡಗಡೆ ಮಾತ್ರ. ನೇರ ಕ್ಲಿನಿಕ್ಕಿಗೆ ಒಯ್ದು ಮೇಜಿನ ಮೇಲಿಟ್ಟೆ. "ನೋಡಿ ಡಾಕ್ಟ್ರೇ, ನೀವು ಕೊಟ್ಟ ಹಲ್ಲು ಶುದ್ಧ ಸೋಮಾರಿ. ಭಾರ ಹೊರೋದೆಲ್ಲ ನನ್ನ ಸ್ವಂತ ಹಲ್ಲೇ!"

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅದಕ್ಕೇ ಅಲ್ವೇನ್ರೀ ಗಿಡ್ಡ ಮಾಡಿದ್ದು? ಸ್ವಂತ ಹಲ್ಲಿನ ಬೇರಿನ ಸುತ್ತ ಒಂದಿಷ್ಟು ಮೆತ್ತೆ ಇರತ್ತೆ, ಒತ್ತಿದ್ರೆ ಜಗ್ಗತ್ತೆ. ತಿರುಪಿಗೆ ಅದಿಲ್ಲ, ಒತ್ತಿದ್ದೆಲ್ಲ ನೇರ ಮೂಳೆಗೇ. ಗಾಳಿ ಸೋರದ ಹಾಗೆ ತಡೆದ್ರೆ ಸಾಕು ಅಂತ ಬಿಟ್ಟೆ. ಭಾರ ಹೊರಿಸಿದ್ರೆ ಇಷ್ಟೊತ್ತಿಗೆ ಸಡಿಲ ಆಗಿರೋದು."

ಇಷ್ಟು ವರ್ಷ ತಪ್ಪು ಎಂದುಕೊಂಡಿದ್ದೇ ನನ್ನ ಅನ್ನ ಉಳಿಸಿತ್ತು. ಕೈಮುಗಿದೆ.

ಇಂದಿಗೂ ಊದುವ ಮುನ್ನ ಬಾಯ್ತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರುತ್ತೇನೆ. ಎಡಗಡೆಯ ಗುಳಿ ನನ್ನ ಸಹಿ. ಅದರ ಪಕ್ಕದ ನುಣುಪು ವಾರಿಜಾ ಡಾಕ್ಟರದು.