ಒಬ್ಬನೇ ನಕ್ಕಿದ್ದು

ಜೋಳದ ತೆನೆ ಹಾಲುಗಟ್ಟುವ ಕಾಲ. ಬಿಸಿಲೇರುವ ಮೊದಲೇ ಹಕ್ಕಿಗಳು ಹಿಂಡು ಹಿಂಡಾಗಿ ಹೊಲಕ್ಕೆ ಇಳಿಯುತ್ತಿದ್ದವು. ಅಣ್ಣತಮ್ಮಂದಿರಿಬ್ಬರಲ್ಲಿ ಕಿರಿಯವನು ಕಾವಲಿನ ಅಟ್ಟಣೆಯ ಮೇಲೆ ನಿಂತು, ಹೆಗಲ ಬಟ್ಟೆ ಬೀಸಿ ಬೀಸಿ ಕೂಗುತ್ತಿದ್ದ. ಗಂಟಲು ಆಗಲೇ ಕಟ್ಟಿಹೋಗಿತ್ತು. ಕಾಲ ಬಳಿ, ಹಕ್ಕಿ ಬೆದರಿಸಲು ತಂದ ಪಟಾಕಿಯ ಪೊಟ್ಟಣ ಬಿಚ್ಚದೆ ಬಿದ್ದಿತ್ತು.

ತಿಂಡಿ ತಂದ ಹೆಂಡತಿ ಕೆಳಗಿನಿಂದಲೇ ಕೇಳಿದಳು.

"ಗಂಟಲು ಹರ್ಕೊಳ್ತಾ ಇದ್ದೀರಲ್ಲ, ಪಟಾಕಿ ಖಾಲಿನಾ?"

"ಇದೆ."

"ಮತ್ತೆ ಇಟ್ಕೊಂಡು ಕಾವು ಕೊಡ್ತಾ ಇದ್ದೀರಾ?"

ಅವನು ನಗಲಿಲ್ಲ. ಹಾಗೆ ನೋಡಿದರೆ ಊರಿನಲ್ಲಿ ಯಾವ ಮಾತಿಗೂ ನಗು ಕೂಡಿಸುವ ಮನುಷ್ಯ ಅವನು. ಅವನ ಕಣ್ಣು ಬದುವಿನಾಚೆಯ ಹೊಲದಲ್ಲಿ ಬೇಲಿ ಕಟ್ಟುತ್ತಿದ್ದ ಅಣ್ಣನ ಕಡೆ ಹೋದದ್ದನ್ನು ಕಂಡು ಅವಳೂ ಅತ್ತ ನೋಡಿದಳು.

ಅಣ್ಣ ಹದಿನಾಲ್ಕು ವರ್ಷ ಸೈನ್ಯದಲ್ಲಿದ್ದು, ಒಂದು ಯುದ್ಧ ಕಂಡು ಬಂದವನು. ಊರಿಗೆಲ್ಲ ಸಿಪಾಯಿ. ಹೋದ ವರ್ಷ ಒಕ್ಕಣೆಯ ದಿನ, ಕಣದಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ತಮ್ಮ ಮೆಲ್ಲಗೆ ಹೋಗಿ ಅವನ ಬೆನ್ನ ಹಿಂದೆ ಒಂದು ಪಟಾಕಿ ಹಚ್ಚಿದ್ದ. ಅಣ್ಣ ಉಣ್ಣುತ್ತಿದ್ದ ತಟ್ಟೆಯ ಮೇಲೇ ಬೋರಲು ಬಿದ್ದು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದ. ಕಣವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಣ್ಣ ಎದ್ದು, ಗಡ್ಡಕ್ಕೆ ಮೆತ್ತಿದ ಅನ್ನ ಒರೆಸಿಕೊಂಡು, ತಾನೂ ಸ್ವಲ್ಪ ನಕ್ಕು, ಮನೆಯ ದಾರಿ ಹಿಡಿದಿದ್ದ. ಆಮೇಲೆ ಮಾತೇನೂ ಬಿಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಅಷ್ಟೇ. ಬದು ಮಾತ್ರ ದಾಟಿ ಬರಲಿಲ್ಲ.

ನಿನ್ನೆ ಮಧ್ಯಾಹ್ನ ಗಂಡ ಹೆಂಡತಿ ಪೇಟೆಗೆ ಹೋಗಿ ಯುದ್ಧದ ಸಿನಿಮಾ ನೋಡಿದ್ದರು. ಚಿತ್ರಮಂದಿರ ತುಂಬಿತ್ತು. ತೆರೆಯ ಮೇಲೆ ಸೈನಿಕ ಕುಂಟುತ್ತಾ ಮನೆಗೆ ಬಂದ. ಅವನ ಹೆಂಡತಿ ನೀರು ಕೊಟ್ಟಳು, ಪುಟ್ಟ ಮಗಳು ದೂರದಿಂದ ನೋಡಿದಳು. ಅಷ್ಟರಲ್ಲಿ ಒಳಗೆಲ್ಲೋ ಒಂದು ಪಾತ್ರೆ ಬಿತ್ತು. ಸೈನಿಕ ಮಗುವನ್ನು ಬಾಚಿ ಎಳೆದುಕೊಂಡು ಮೇಜಿನ ಕೆಳಗೆ ನುಗ್ಗಿದ.

ತಮ್ಮನಿಗೆ ನಗು ಬಂದುಬಿಟ್ಟಿತು. ಅದು ಬಾಯಿಂದ ಹೊರಗೆ ಬಿದ್ದ ಮೇಲೇ ಅವನಿಗೆ ತಿಳಿದದ್ದು, ಅಷ್ಟು ಜನರಲ್ಲಿ ನಕ್ಕವನು ತಾನೊಬ್ಬನೇ ಎಂದು. ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸುತ್ತಲೇ ತಿರುಗಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವನು ಎದ್ದು ಹೊರಗೆ ಬಂದು, ಸೈಕಲ್ಲುಗಳ ನಡುವೆ ತಲೆ ಬಗ್ಗಿಸಿ ನಿಂತಿದ್ದ.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ನೋಡುತ್ತಾ ಒಂದೇ ಮಾತು ಆಡಿದ್ದಳು. "ಹೋದ ವರ್ಷ ಕಣದಲ್ಲಿ ನಾನೂ ನಕ್ಕಿದ್ದೆ."

ಈಗ ಅವಳು ಬುತ್ತಿಯನ್ನು ಅಟ್ಟಣೆಯ ಬುಡದಲ್ಲಿಟ್ಟಳು. "ಹೋಗಿ ಬನ್ನಿ. ಹಕ್ಕಿ ನಾನು ನೋಡ್ಕೋತೀನಿ. ಭಾವನ ಹತ್ರ ಒಂದು ಮಾತು ಹೇಳೋಕೆ ಮುಹೂರ್ತ ಬೇಕಾ?"

ಅವನು ಇಳಿದ. ಬದು ದಾಟಿದ. ತಪ್ಪಾಯ್ತು ಅಣ್ಣ ಎನ್ನುವುದನ್ನು ದಾರಿಯುದ್ದಕ್ಕೂ ನಾಲಿಗೆಯ ಮೇಲೆ ಹೊರಳಿಸಿಕೊಂಡೇ ಹೋದ.

"ಏನೋ?" ಅಣ್ಣ ತಲೆಯೆತ್ತದೆ ಕೇಳಿದ. ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡಿದ್ದ.

"ನಿನ್ನೆ ಸಿನಿಮಾಕ್ಕೆ ಹೋಗಿದ್ವಿ. ಯುದ್ಧದ್ದು."

"ಹೇಗಿತ್ತು?"

"ಚೆನ್ನಾಗಿತ್ತು."

ಅಣ್ಣ ಮೊಳೆ ಉಗಿದು ಅಂಗೈಗೆ ಹಾಕಿಕೊಂಡ.

"ಆ ಸೈನಿಕ ಊರಿಗೆ ಬರ್ತಾನಾ?"

"ಬರ್ತಾನೆ."

"ಬಂದ್ಮೇಲೆ?"

"ಅಲ್ಲಿಂದ ಮುಂದೆ ನಾನು ನೋಡ್ಲಿಲ್ಲ."

"ದುಡ್ಡು ಕೊಟ್ಟು ಅರ್ಧ ನೋಡಿ ಬಂದ್ಯಾ? ನಿನ್ನಂಥೋರಿದ್ರೆ ಸಿನಿಮಾದೋರಿಗೆ ಅರ್ಧ ಕೆಲಸ ಉಳಿತು ಬಿಡು." ಅಣ್ಣನ ಮೀಸೆ ಒಂದಿಷ್ಟು ಅಲುಗಿತು. ತಮ್ಮ ನೆಲ ನೋಡುತ್ತಾ ನಿಂತ. ಅಣ್ಣ ಅವನ ಮುಖವನ್ನು ತುಸು ಹೊತ್ತು ನೋಡಿದ. ಆಮೇಲೆ ಜೋತುಬಿದ್ದ ಮುಳ್ಳುತಂತಿಯನ್ನು ಎತ್ತಿ ಕಂಬಕ್ಕೆ ಒತ್ತಿ ತೋರಿಸಿದ.

"ಬಂದಿದ್ದೀಯಲ್ಲ, ಇದನ್ನ ಹಿಡ್ಕೋ. ಒಬ್ಬನ ಕೈಗೆ ಇದು ಬಗ್ತಾ ಇಲ್ಲ."

ತಮ್ಮ ಕುಕ್ಕರುಗಾಲಲ್ಲಿ ಕುಳಿತು ತಂತಿಯನ್ನು ಬಿಗಿಯಾಗಿ ಹಿಡಿದ. ಅವನ ಮುಖ ಕಂಬದಿಂದ ಗೇಣಿನಷ್ಟೇ ದೂರವಿತ್ತು. ಅಣ್ಣ ಮೊಳೆ ಇಟ್ಟು ಸುತ್ತಿಗೆ ಎತ್ತಿದ.

"ಹೊಡೀತೀನಿ," ಎಂದ.

ಹೊಡೆದ. ಮತ್ತೆ ಎತ್ತಿದ, ತಡೆದ.

"ಹೊಡೀತೀನಿ."

ಮೊಳೆ ಒಳಗೆ ಹೋಗಲು ಏಳೆಂಟು ಏಟು ಬೇಕಾಯಿತು. ಪ್ರತಿ ಏಟಿಗೂ ಮುಂಚೆ ಅಣ್ಣ ತಗ್ಗಿದ ದನಿಯಲ್ಲಿ ಅದನ್ನೇ ಹೇಳಿದ. ಹೇಳಿ, ತಮ್ಮ ಹೂಂ ಅನ್ನುವವರೆಗೆ ಕಾದು, ಹೊಡೆದ. ತಮ್ಮ ತಲೆ ತಗ್ಗಿಸಿಕೊಂಡು ಹೂಂ ಅನ್ನುತ್ತಾ ಹೋದ.

ಅಣ್ಣ ಮುಂದಿನ ಕಂಬಕ್ಕೆ ನಡೆದ. ತಮ್ಮ ತಂತಿ ಹಿಡಿದುಕೊಂಡೇ ಅವನ ಹಿಂದೆ ಹೋದ.